ಶಿವಣ್ಣ ಮೇಷ್ಟ್ರ ಎಂಜೈಮ್ ಪಾಠ

ಎಂಜೈಮ್ ಪಾಠ ಶುರುಮಾಡಿದ ದಿನ ಶಿವಣ್ಣ ಮೇಷ್ಟ್ರು ಎಲ್ಲರ ಅಂಗೈಗೂ ಒಂದು ಹಿಡಿ ಅವಲಕ್ಕಿ ಹಾಕಿದರು. “ನುಂಗ್ಬೇಡಿ. ಸಿಹಿ ಆಗೋವರ್ಗೂ ಅಗೀರಿ.” ಸರಸ್ವತಿಪುರಂನ ಆ ಟ್ಯುಟೋರಿಯಲ್‌ನಲ್ಲಿ ಬಿಎಸ್ಸಿ ಓದುವ ನಾವು ಹದಿನೈದು ಜನ ಎಮ್ಮೆಗಳಂತೆ ಮೆಲುಕು ಹಾಕಿದೆವು. “ಪಿಷ್ಟ ಸಕ್ಕರೆ ಆಯ್ತು. ಎಂಜಲಲ್ಲಿರೋ ಎಂಜೈಮ್ ಇಲ್ದಿದ್ರೂ ಆಗ್ತಿತ್ತು ಕಣ್ರೀ, ಕಾಯೋಕೆ ನಮ್ಮ ಆಯಸ್ಸು ಸಾಲ್ತಿರ್ಲಿಲ್ಲ.”

ಎಂಜೈಮ್ ಶಕ್ತಿ ಕೊಡುತ್ತದೆ ಎಂದು ನಾನೊಮ್ಮೆ ಬರೆದಿದ್ದೆ. “ಕೊಡಲ್ಲ ಕಣಮ್ಮ. ಕ್ರಿಯೆ ಹತ್ತಿ ಇಳೀಬೇಕಾದ ದಿಬ್ಬನ ತಗ್ಗಿಸುತ್ತೆ, ಅಷ್ಟೇ. ತಾನು ಖರ್ಚಾಗಲ್ಲ.” ಎಂಜೈಮಿನ ಕೆಲಸದ ವೇಗದ ಗ್ರಾಫ್ ಏರುತ್ತಾ ಹೋಗಿ ಮಟ್ಟಸವಾಗುವುದೇಕೆ ಎಂದರೆ ಎದುರಿನ ಹೋಟೆಲಿನತ್ತ ಕೈ ತೋರಿಸುತ್ತಿದ್ದರು. “ಕಾವಲಿ ಒಂದೇ. ಐವತ್ತು ಜನ ಬಂದ್ರೂ ಐನೂರು ಜನ ಬಂದ್ರೂ ಗಂಟೆಗೆ ಅಷ್ಟೇ ದೋಸೆ.”

ಒಂದು ದಿನ ನಾನು ಕೇಳಿದೆ: “ಸರ್, ಒಂದೇ ಒಂದು ಎಂಜೈಮ್ ಇಲ್ದಿದ್ರೆ?”

ಅವರು ಕುರ್ಚಿಯಲ್ಲಿ ಕೂತರು. ಯಾವತ್ತೂ ಕೂತು ಪಾಠ ಮಾಡಿದವರಲ್ಲ.

“ನನ್ನ ಮಗಳಿಗೆ ಇರ್ಲಿಲ್ಲ. ಕೊಬ್ಬು ಒಡೆಯೋ ಎಂಜೈಮು. ಒಡೀದೆ ನರದಲ್ಲೇ ತುಂಬ್ಕೊಂಡ್ಬುಡ್ತು. ಎರಡು ವರ್ಷಕ್ಕೆ ಓಡಾಡ್ತಿದ್ದೋಳು, ಮೂರಕ್ಕೆ ಕೂರೋಕೂ ಆಗ್ಲಿಲ್ಲ. ನಾಲ್ಕು ತುಂಬ್ಲಿಲ್ಲ.”

ಆಗ ಅವರು ಕಡಕೊಳದ ಬಣ್ಣದ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್ ಆಗಿದ್ದರಂತೆ. ಮನೆಯಲ್ಲಿ ಅವರ ತಾಯಿ ಸೊಸೆಯ ಹೊಟ್ಟೆಯನ್ನೇ ದೂರಿದರು. ಮೇಷ್ಟ್ರು ಸುಮ್ಮನಿದ್ದರು. ಹೆಂಡತಿ ಒಂಟಿಕೊಪ್ಪಲಿನ ತವರಿಗೆ ಹೋದವರು ತಿರುಗಿ ಬರಲಿಲ್ಲ. ಡಾಕ್ಟರು ಹೇಳಿದ ಕಾಯಿಲೆಯ ಹೆಸರು ಅರ್ಥ ಮಾಡಿಕೊಳ್ಳಲು ಪುಸ್ತಕ ತಂದು ಓದಿದ ಮೇಲೆ ಅವರಿಗೆ ತಿಳಿಯಿತು, ಆ ದೋಷ ಮಗುವಿಗೆ ತಂದೆ ತಾಯಿ ಇಬ್ಬರಿಂದಲೂ ಬಂದಿರಬೇಕು ಎಂದು.

“ಅರ್ಧ ನಂದು,” ಎಂದರು. “ಗೊತ್ತಾಗೋದು ತಡ ಆಯ್ತು.” ಎದ್ದು ಬೋರ್ಡ್ ಒರೆಸಿದರು.

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ತಿಳಿದು ಅವರ ಮನೆಗೆ ಹೋದೆ. ಬಾಗಿಲ ಹತ್ತಿರ ಒಬ್ಬ ಹೆಂಗಸು ಒಬ್ಬರೇ ಕೂತಿದ್ದರು. ಮೇಷ್ಟ್ರ ಹೆಂಡತಿ ಎಂದು ಯಾರೋ ಹೇಳಿದರು. ನಾನು ಹೋಗಿ ಪಕ್ಕದಲ್ಲಿ ಕೂತೆ.

“ಅವರ ಸ್ಟೂಡೆಂಟಾ? ಏನು ಪಾಠ ಹೇಳ್ತಿದ್ರಮ್ಮ?”

ಆ ದಿನ ತರಗತಿಯಲ್ಲಿ ಮೇಷ್ಟ್ರು ಹೇಳಿದ್ದನ್ನೆಲ್ಲ ಹೇಳಿದೆ. ‘ಅರ್ಧ ನಂದು’ ಎಂದದ್ದನ್ನೂ. ಅವರು ಸೆರಗಿನ ಅಂಚನ್ನು ಸುತ್ತುತ್ತಾ ಕೇಳಿಸಿಕೊಂಡರು.

“ನಿಮಗೆ ಯಾವತ್ತೂ ಹೇಳ್ಲೇ ಇಲ್ವಾ?” ಎಂದೆ.

“ಕಾಗದ ಬರೆದಿದ್ರು ಕಣಮ್ಮ,” ಎಂದರು. “ನಾನೇ ಲಕೋಟೆ ಒಡೀಲಿಲ್ಲ.”