ಮಗಳ ಮನೆಗೆ ಒಯ್ದ ಹಲಸಿನ ಬಟ್ಟಲು

ನನ್ನ ಮೊಮ್ಮಗಳಿಗೆ ಏಳು ತಿಂಗಳಿಗೇ ಎರಡು ಹಲ್ಲು ಬಂದಿವೆ. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿದೆ, ಕಂಡಕ್ಟರಿಗೂ ಹೇಳಿದೆ. ನಾನು ಮೂರನೇ ಕ್ಲಾಸು ಓದಿದವನು. ಚೆಂದ ಮಾಡಿ ಬರೆಯಲು ಬಾರದು, ಹಾಲು ಉಕ್ಕಿದ ಹಾಗೆ ಬರೆಯುತ್ತಿದ್ದೇನೆ.

ಅನ್ನ ಮುಟ್ಟಿಸುವ ಶಾಸ್ತ್ರ ಇದೆ ಎಂದು ಮಗಳು ಫೋನು ಮಾಡಿದ ದಿನವೇ, ಅಟ್ಟದಲ್ಲಿ ಆರಲು ಇಟ್ಟಿದ್ದ ಹಲಸಿನ ತುಂಡು ಇಳಿಸಿದೆ. ಬಾಚಿಯಲ್ಲಿ ಕೆತ್ತಿ, ಉಳಿಯಲ್ಲಿ ಒಳಗೆ ತೋಡಿ, ಒಡೆದ ಗಾಜಿನ ಚೂರಿನಲ್ಲಿ ಹೆರೆದು ನುಣುಪು ಮಾಡಿದೆ. ಮರದ ಒಗರು ಹೋಗಲೆಂದು ಎರಡು ದಿನ ಗಂಜಿ ತುಂಬಿಟ್ಟು, ತೊಳೆದು, ನೆರಳಲ್ಲಿ ಒಣಗಿಸಿ ಕೊಬ್ಬರಿ ಎಣ್ಣೆ ತಿಕ್ಕಿದೆ. ಸಿಬಿರು ಇದೆಯೇನೋ ಎಂದು ಅಂಚಿನ ಸುತ್ತ ನನ್ನ ನಾಲಿಗೆಯನ್ನೇ ಆಡಿಸಿ ನೋಡಿದೆ. ಆಮೇಲೆ ಮತ್ತೆ ತೊಳೆದೆ.

ಮರಗೆಲಸ ನಮ್ಮ ಮನೆತನದ್ದು. ಸಿಂಧಘಟ್ಟದ ಸುತ್ತಿನ ಒಕ್ಕಲು ಮನೆಗಳಿಗೆಲ್ಲ ಮುದ್ದೆ ಕಟ್ಟುವ ಮರಿಗೆ ನಾನೇ ತೋಡಿಕೊಟ್ಟವನು. ಆದರೆ ನಮ್ಮವರದೊಂದು ಕಟ್ಟು ಇತ್ತು, ಒಕ್ಕಲು ಮನೆಯಲ್ಲಿ ಬೇಯಿಸಿದ್ದು ಉಣ್ಣಬಾರದು. ಅವರ ಜಗುಲಿಯಲ್ಲಿ ವಾರಗಟ್ಟಲೆ ಕೆಲಸ ಮಾಡುತ್ತಿದ್ದೆ. ಅವರು ಅಕ್ಕಿ, ಬೇಳೆ, ಬೆಲ್ಲ ಮೊರದಲ್ಲಿಟ್ಟು ಪಡಿ ಕೊಡುತ್ತಿದ್ದರು, ನನ್ನ ಅಡುಗೆ ನಾನೇ ಬೇಯಿಸಿಕೊಳ್ಳುತ್ತಿದ್ದೆ. ನನ್ನ ಕೈಯಾರೆ ತೋಡಿದ ಮರಿಗೆಯಲ್ಲಿ ಅವರು ಕಟ್ಟಿದ ಮುದ್ದೆಯನ್ನು ಒಂದು ಸಲವೂ ಬಾಯಿಗಿಟ್ಟವನಲ್ಲ. ಅದನ್ನೇ ದೊಡ್ಡಸ್ತಿಕೆ ಅಂದುಕೊಂಡಿದ್ದೆ.

ಮಗಳು ಚಿನಕುರಳಿಯ ಒಕ್ಕಲು ಮನೆಯ ಹುಡುಗನನ್ನು ಮೆಚ್ಚಿ ಮದುವೆಯಾದಳು. ಹೋದೆ, ಅಕ್ಷತೆ ಹಾಕಿದೆ, ಎಲೆ ಹಾಕುವ ಹೊತ್ತಿಗೆ ಎದ್ದೆ.

"ಒಂದ್ ತುತ್ತು ಪಾಯ್ಸನಾದ್ರೂ ಉಂಡ್ ಬತ್ತೀನಿ ಕಣಿ," ಅಂದಳು ನನ್ನ ಹೆಂಡತಿ.

"ಏಳ್ ಮ್ಯಾಕೆ," ಅಂದೆ.

ನಾಲ್ಕು ವರ್ಷ ಆ ಕಡೆಯ ಬಸ್ಸು ಹತ್ತಲಿಲ್ಲ, ಅವಳನ್ನೂ ಹತ್ತಗೊಡಲಿಲ್ಲ. ಮಗಳು ಬಸುರಿಯಾದ ಸುದ್ದಿ ಬರುವ ಮೊದಲೇ ನನ್ನ ಹೆಂಡತಿ ತೀರಿಕೊಂಡಳು.

ಶಾಸ್ತ್ರದ ದಿನ ಮೊಮ್ಮಗಳ ಮುಖ ಮೊದಲ ಸಲ ಕಂಡೆ. ನನ್ನ ಹೆಂಡತಿಯದೇ ಗಲ್ಲ! ಬಟ್ಟಲು ಕೈಯಿಂದ ಕೈಗೆ ಹೋಯಿತು, ಎಲ್ಲರೂ ಹೊಗಳಿದರು, ಆ ಬಟ್ಟಲಿಗೇ ಪಾಯಸ ಬಡಿಸಿದರು. ಒಬ್ಬೊಬ್ಬರೂ ಮಗುವಿನ ಬಾಯಿಗೆ ಒಂದಿಷ್ಟು ಇಟ್ಟರು. ನಾನು ಕೈ ಚಾಚಿದೆ.

"ಆಚಾರ್ರೇ, ನೀವ್ ಮುಟ್ಬ್ಯಾಡಿ," ಅಂದರು ಬೀಗಿತಿ. "ನಮ್ ಒಲೆ ಮ್ಯಾಲೆ ಬೆಂದಿರೋದು. ನಿಮ್ಗೆ ಪಡಿ ತಗ್ದಿಟ್ಟಿವ್ನಿ." ಒಳಗಿಂದ ಮೊರ ತಂದಿಟ್ಟರು. ಅಕ್ಕಿ, ಬೇಳೆ, ಬೆಲ್ಲ, ಮೇಲೊಂದು ತೆಂಗಿನಕಾಯಿ. ಅವರ ದನಿಯಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿರುತ್ತಿತ್ತು.

ಕುಹಕಕ್ಕೆ ಬೀಗರಿದ್ದರು. "ಹಿತ್ಲಲ್ಲಿ ಮೂರ್ ಕಲ್ಲು ಜೋಡುಸ್ಲಾ? ಬೇಯಿಸ್ಕಂಡೀರಂತೆ," ಅಂದರು. ಕೂತವರೆಲ್ಲ ನಕ್ಕರು. ನಾನೂ ನಕ್ಕೆ, ಮತ್ತೇನು ಮಾಡಲಿ.

"ನಂಗೂ ಒಂದ್ ಎಲೆ ಹಾಕ್ಸಿ," ಅಂದೆ.

"ಆಚಾರ ಕೆಡಕಿಲ್ವಾ?" ಅಂದರು ಬೀಗರು.

"ಕೆಡ್ಲಿ ಬುಡಿ."

ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಬೆರಳ ತುದಿಯಲ್ಲಿ ಪಾಯಸ ತೆಗೆದು ಮೊಮ್ಮಗಳ ಬಾಯಿಗಿಟ್ಟೆ. ಕಳ್ಳಿ, ಆ ಎರಡು ಹಲ್ಲಲ್ಲಿ ಬೆರಳನ್ನೇ ಕಚ್ಚಿಬಿಟ್ಟಳು! ಅಷ್ಟು ಜನರ ನಡುವೆ ಕೂಗಿಕೊಂಡು ನಕ್ಕೆ, ಕಣ್ಣಲ್ಲಿ ನೀರು ಬಂತು. ಈಗಲೂ ಆ ಬೆರಳು ಮುಟ್ಟಿ ನೋಡಿಕೊಳ್ಳುತ್ತೇನೆ.

ಸಾಲಿನ ಕೊನೆಗೆ ನನ್ನ ಎಲೆ ಹಾಕಿದರು. ಬಡಿಸುತ್ತಿದ್ದವಳು ಮಗಳೇ. ಮೊದಲ ಸಲ ಎಲ್ಲರಿಗೂ ಹಾಕಿದಂತೆ ನನಗೂ ಹಾಕಿದಳು. ಎರಡನೇ ಸಲ ಪ್ರತಿ ಎಲೆಯ ಮುಂದೆ ಬಗ್ಗಿ, "ಇನ್ನೊಸಿ ಹಾಕುಸ್ಕಳಿ, ಸಂಕೋಚ ಪಡ್ಬ್ಯಾಡಿ," ಎಂದು ಬಲವಂತ ಮಾಡುತ್ತ ಬಂದಳು. ನನ್ನ ಎಲೆ ದಾಟಿ ಹೋದಳು.

"ನಂಗೂ ಒಸಿ ಹಾಕವ್ವ," ಅಂದೆ.

ತಿರುಗಿ ಬಂದು ಹಾಕಿದಳು, ಮುಖ ನೋಡಲಿಲ್ಲ. ಒಂದು ಅಗುಳು ಬಿಡದೆ ಉಂಡೆ. ಕೈಗೆ ನೀರು ಹಾಕಿದವನು ಅಳಿಯ.

ಹೊರಡುವಾಗ, "ಮುಂದಿನ್ ತಿಂಗ್ಳೂ ಬತ್ತೀನವ್ವ," ಅಂದೆ.

"ಮೊಮ್ಮಗಳ್ನ ನೋಡಕ್ಕೆ ಬಾ," ಅಂದಳು. ಊಟಕ್ಕೆ ಬಾ ಎನ್ನಲಿಲ್ಲ.