ಭಾವನ ಪೆಂಗ್ವಿನ್ ಫೋಟೊ

"ಸೆಂಟ್ ಹಾಕ್ಕೊಂಡು ಬಂದಿದ್ದೀಯಲ್ಲಮ್ಮ, ಆ ವಾಸನೆಗೆ ಹುಳು ಸೊಪ್ಪು ಮುಟ್ಟಲ್ಲ. ಆಚೆನೇ ನಿಲ್ಲು!" ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ, ರೇಷ್ಮೆ ಹುಳು ಮನೆಯ ಬಾಗಿಲಲ್ಲೇ ಭಾವ ನನ್ನನ್ನು ತಡೆದರು. ತಪ್ಪು ನನ್ನದೇ. ತೆಪ್ಪಗೆ ಜಗಲಿಯಲ್ಲಿ ಕೂತೆ.

ಭಾವ ಹಿಂದೆಯೇ ಬಂದು ತಮ್ಮ ಆಸ್ಟ್ರೇಲಿಯಾ ಪ್ರವಾಸದ ಫೋಟೊ ತೋರಿಸತೊಡಗಿದರು. ಮೆಲ್ಬರ್ನ್ ಹತ್ತಿರದ ಫಿಲಿಪ್ ದ್ವೀಪದಲ್ಲಿ, ಸೂರ್ಯ ಮುಳುಗಿದ ಮೇಲೆ ಒಂದಡಿ ಎತ್ತರದ ನೀಲಿ ಪೆಂಗ್ವಿನ್‌ಗಳು ಸಮುದ್ರದಿಂದ ಗುಂಪಾಗಿ ಗೂಡಿಗೆ ಮರಳುತ್ತವಂತೆ. ಬೆಳಕಿಗೆ ಬೆದರುತ್ತವೆಂದು ಅಲ್ಲಿ ಫೋಟೊ ತೆಗೆಯುವಂತಿಲ್ಲ. ಆ ನಿಯಮ ಉಳಿದವರಿಗೆ, ನಮ್ಮ ಭಾವನಂಥ ಮಹನೀಯರಿಗಲ್ಲ.

"ಬೋರ್ಡು ಹಾಕಿದ್ರು, ಯಾರು ಕೇಳ್ತಾರೆ? ಫ್ಲ್ಯಾಷ್ ಹೊಡೆದೆ ನೋಡು, ಎಲ್ಲಾ ದಿಕ್ಕಾಪಾಲಾಗೋದ್ವು!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಫೋಟೊದಲ್ಲಿ ಇದ್ದದ್ದು ಬರೀ ಬಿಳಿ ಬೆಳಕು, ಓಡುತ್ತಿದ್ದ ಒಂದು ಹಕ್ಕಿಯ ಬೆನ್ನು.

ನಾನು ಫೋನಿನ ಫ್ಲ್ಯಾಷ್ ಹಾಕಿಕೊಂಡು ಎದ್ದು ಹುಳು ಮನೆಯತ್ತ ಎರಡು ಹೆಜ್ಜೆ ಇಟ್ಟೆ.

"ಭಾವ, ನಿಮ್ಮ ಹುಳುಗಳದ್ದೂ ಒಂದು ಫೋಟೊ ತೆಗೀತೀನಿ."

ನಗು ನಿಂತಿತು. ಓಡಿಬಂದು ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತರು.

ಭಾವನಿಗೆ ಮೂಕಜೀವಿಗಳ ಮೇಲೆ ಕಾಳಜಿ ಇಲ್ಲವೆಂದು ಇನ್ನು ನಾನು ಹೇಳುವುದಿಲ್ಲ. ಖಂಡಿತ ಇದೆ, ತಮ್ಮ ಹುಳು ಮನೆಯ ಹೊಸಿಲಿನವರೆಗೆ.