ಗುಡ್ಡ ಇಳಿಯುವಾಗ ಕಿವಿ

ನನ್ನ ಗಂಡನ ಕಿವಿಯ ತಮಟೆಗೆ ಆಪರೇಷನ್ ಆಗಿ ಕೆಲವು ತಿಂಗಳಾಗಿತ್ತು. ನೆಗಡಿ ಇದ್ದಾಗ ಗುಡ್ಡ ಹತ್ತಿಳಿಯಬೇಡಿ ಎಂದು ಡಾಕ್ಟರು ಹೇಳಿದ್ದರು. ಯರಗಟ್ಟಿಯಲ್ಲಿ ಬಾಡಿಗೆ ಕಾರು ಓಡಿಸುವ ಇವರಿಗೆ ಎಲ್ಲಮ್ಮನ ಗುಡ್ಡ ಬಿಟ್ಟರೆ ಹೆಚ್ಚಿನ ಬಾಡಿಗೆ ಎಲ್ಲಿಂದ ಬರಬೇಕು? ಮೂಗು ಕಟ್ಟಿದ ದಿನವೇ ನಮ್ಮ ಓಣಿಯ ಅಜ್ಜಿಯೊಬ್ಬರು ಗುಡ್ಡಕ್ಕೆ ಕರೆದರು. ಇವರು ಹೊರಟೇಬಿಟ್ಟರು. ರವಿವಾರವಾಗಿತ್ತು, ನಾನೂ ಹತ್ತಿ ಕೂತೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಪಾದರಸದ ಕೊಳವೆಯ ಚಿತ್ರ ಬರೆದು ವಾಯುಭಾರದ ಪಾಠ ಎಷ್ಟೋ ಸಲ ಮಾಡಿದ್ದೇನೆ. ತಲೆಯ ಮೇಲಿನ ಗಾಳಿ ನಮ್ಮನ್ನು ಅಮುಕುತ್ತಿರುತ್ತದೆ; ಏರಿದಷ್ಟೂ ಆ ಗಾಳಿ ಕಡಿಮೆ, ಭಾರವೂ ಕಡಿಮೆ. ನನ್ನ ಮೊಬೈಲು ಅದನ್ನು ಅಳೆದು ತೋರಿಸುತ್ತದೆ. ಎಂಟೊಂಬತ್ತು ಮೀಟರ್ ಏರಿದರೆ ಸುಮಾರು ಒಂದು ಅಂಕಿ ಇಳಿಯುತ್ತದೆ. ಸವದತ್ತಿ ದಾಟಿ ಏರು ಶುರುವಾದದ್ದೇ ನನ್ನ ಕಣ್ಣು ಆ ಅಂಕಿಯಿಂದ ಕದಲಲಿಲ್ಲ.

"ಕಿವಿ ಹೆಂಗೈತ್ರಿ?"

"ಛಲೋ ಐತಿ."

ಮತ್ತೊಂದು ತಿರುವು. "ಈಗರೀ?"

"ಕಿವಿ ನಂದೈತಿ, ನೀ ಯಾಕ ಒದ್ದಾಡಾಕ ಹತ್ತೀ?"

ಮೇಲೆ ಏನೂ ಆಗಲಿಲ್ಲ. ಅಜ್ಜಿ ದರ್ಶನ ಮಾಡಿ ಬರುವವರೆಗೆ ನಾನು ಮಾತ್ರ ನಿಂತಲ್ಲಿ ನಿಲ್ಲಲಿಲ್ಲ. ಏರುವಾಗ ಕಿವಿಯೊಳಗಿನ ಗಾಳಿ ತಾನಾಗಿ ಹೊರಬೀಳುತ್ತದೆ. ಇಳಿಯುವಾಗಲೇ ಕಷ್ಟ: ಹೊರಗಿನ ಭಾರ ತಮಟೆಯನ್ನು ಒಳಕ್ಕೆ ಒತ್ತುತ್ತದೆ, ಮೂಗು ಕಟ್ಟಿದ್ದರೆ ಒಳಗೆ ಗಾಳಿ ಸೇರುವುದಿಲ್ಲ.

ಅಂದುಕೊಂಡಂತೆಯೇ ಆಯಿತು. ಇಳಿಜಾರಿನಲ್ಲಿ ಇವರು ಕಿವಿಗೆ ಕೈ ಒತ್ತಿಕೊಂಡರು. ಕಾರು ರಸ್ತೆಯಂಚಿಗೆ ವಾಲಿತು. ಹೇಗೋ ನಿಲ್ಲಿಸಿದರು.

"ಎಲ್ಲಾ ಗಿರಗಿರ ತಿರಗಾಕ ಹತ್ತೇತಿ."

ನನ್ನ ಬಳಿ ಲೈಸೆನ್ಸ್ ಇತ್ತು. ಗುಡ್ಡದ ದಾರಿಯಲ್ಲಿ ಮಾತ್ರ ಒಮ್ಮೆಯೂ ಓಡಿಸಿರಲಿಲ್ಲ. ಇವರನ್ನು ಪಕ್ಕಕ್ಕೆ ಕೂರಿಸಿ, ಕಾರು ತಿರುಗಿಸಿ ಮತ್ತೆ ಮೇಲಕ್ಕೇ ಹೊರಟೆ.

"ಯಾಕವ್ವಾ, ದೇವಿ ಮತ್ತ ಕರದಾಳೇನ?" ಹಿಂದಿನ ಸೀಟಿನಿಂದ ಅಜ್ಜಿ ಕೇಳಿದರು.

"ಮ್ಯಾಲ ಭಾರ ಕಮ್ಮಿ ಇರತೈತಿ ಅಜ್ಜಿ. ಇವರ ಕಿವಿಗೆ ಹಗುರ ಆಗತೈತಿ."

ಆಯಿತು. ಏರುತ್ತಿದ್ದಂತೆ ಇವರ ಹುಬ್ಬಿನ ಗಂಟು ಸಡಿಲಿತು. ಮೇಲೆ ಬಿಸಿ ಚಹಾ ಕುಡಿಸಿದೆ. ಮೂಗು ತುಸು ಬಿಟ್ಟಿತು, ತಲೆ ತಿರುಗುವುದೂ ನಿಂತಿತು. ಆಮೇಲೆ ಮೊಬೈಲು ಅವರ ಕೈಗೇ ಕೊಟ್ಟು ನಿಧಾನವಾಗಿ ಇಳಿಸಿದೆ.

"ಒಂದ ಅಂಕಿ ಏರಿತು. ತಡಿ, ನುಂಗತೇನಿ."

ನಿಲ್ಲಿಸುವುದು, ಕಿವಿಯೊಳಗೆ ಗಾಳಿ ಸೇರಲೆಂದು ಅವರು ಗುಟುಕು ನೀರು ನುಂಗುವುದು, ಮತ್ತೆ ಹೊರಡುವುದು. ಹಿಂದಿನಿಂದ ಬಸ್ಸು ಹಾರ್ನ್ ಹೊಡೆದಾಗಲೆಲ್ಲ ಅಂಚಿಗೆ ಸರಿದು ದಾರಿ ಬಿಡುತ್ತಿದ್ದೆ.

"ಹಗೂರ ನಡಿ ಯವ್ವಾ," ಎಂದರು ಅಜ್ಜಿ. "ಮನ್ಯಾಗ ನಂದೇನ ಕೂಸ ಅಳಾಕ ಹತ್ತಿಲ್ಲ."

ಸವದತ್ತಿಗೆ ಬಂದು ಕಾರು ನಿಲ್ಲಿಸಿದ ಮೇಲೂ ನನ್ನ ಕೈ ಸ್ಟೇರಿಂಗ್ ಬಿಡಲಿಲ್ಲ. ಇವರು ಆ ಕೈ ಬಿಡಿಸಿ ಹಿಡಿದು ಕೂತರು. ಮರುದಿನ ಡಾಕ್ಟರು ದೀಪ ಹಿಡಿದು ನೋಡಿ, ತಮಟೆ ಕೆಂಪಾಗಿದೆ, ಹರಿದಿಲ್ಲ ಎಂದರು.